ಅವಳಿಗೆ ನೆಗಡಿ ಎಂದಿದ್ದೆ

ಮನೆಯಿಂದ, ಅಡುಗೆಮನೆಯ ಮೇಜು
ಹದಿನೇಳನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಪ್ರೀತಿಯ ಇರುವೆ,

ಹೇಗಿದ್ದೀಯ ಮಗಳೇ? ಚಳಿ ಶುರುವಾದೊಡನೆ ನಿನ್ನ ಎಡಗಿವಿ ನೋಯುತ್ತಿತ್ತಲ್ಲ, ಈ ವರ್ಷ ಹೇಗಿದೆ? ಹತ್ತಿ ಇಟ್ಟುಕೊಳ್ಳದೆ ಹೊರಗೆ ಹೋಗಬೇಡ. ಬಂದರಿನ ಗಾಳಿ ಒಳ್ಳೆಯದಲ್ಲ ಎಂದು ಚಿಕ್ಕಮ್ಮ ಹೇಳಿದಳು. ನೀನು ಅಲ್ಲಿ ಸರಕಿನ ಕಚೇರಿಯಲ್ಲಿ ದಿನವಿಡೀ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೀಯಂತೆ, ಮೂರನೇ ಮಹಡಿಯ ಕೋಣೆಗೆ ಬಿಸಿಲೇ ಬರುವುದಿಲ್ಲವಂತೆ. ಇದನ್ನೆಲ್ಲ ಅವಳು ತಾನಾಗಿ ಹೇಳಲಿಲ್ಲ, ನಾನೇ ಬಾಯಿ ಬಿಡಿಸಿದೆ. ಅವಳ ಮೇಲೆ ರೇಗಬೇಡ. ವಿಳಾಸ ಕೊಡಲು ಮಾತ್ರ ಹನ್ನೊಂದು ತಿಂಗಳು ಸತಾಯಿಸಿದಳು. ನಿನ್ನಮ್ಮನ ತಂಗಿ ತಾನೆ, ಹಟದಲ್ಲಿ ಅಕ್ಕನಿಗಿಂತ ಒಂದು ಕೈ ಮೇಲು. ನಾನು ಆರೋಗ್ಯವಾಗಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ.

ಇರುವೆ ಎಂದು ಕರೆದದ್ದಕ್ಕೆ ಮುಖ ಗಂಟಿಕ್ಕಬೇಡ. ಇಪ್ಪತ್ತೊಂಬತ್ತು ವರ್ಷದವಳನ್ನು ಹಾಗೆ ಕರೆಯಬಾರದು ಎಂದು ನನಗೂ ಗೊತ್ತು. ಆದರೆ ಸಕ್ಕರೆ ಡಬ್ಬಿಯನ್ನು ನಿನ್ನಮ್ಮ ಹಾಸಿಗೆಯ ಕೆಳಗೆ ಬಚ್ಚಿಟ್ಟರೂ ಮೂಸಿಕೊಂಡು ಹೋಗಿ ಹುಡುಕುತ್ತಿದ್ದ ಹುಡುಗಿಗೆ ಬೇರೆ ಏನೆಂದು ಹೆಸರಿಡಲಿ? ಈ ಕಾಗದವನ್ನು ಆರು ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಕೆಳಗಿನ ಮನೆಯ ದರ್ಜಿಯಮ್ಮ ಮೊನ್ನೆಯೂ ಕೇಳಿದಳು, ಮಗಳು ಬರೆದಳಾ ಎಂದು. ಹೂಂ ಎಂದು ಸುಳ್ಳು ಹೇಳಿದೆ. ಸುಳ್ಳು ಹೇಳುವುದರಲ್ಲಿ ನಿಮ್ಮಪ್ಪ ಎರಡು ವರ್ಷದಿಂದ ಚೆನ್ನಾಗಿ ಪಳಗಿದ್ದಾನೆ. ಈ ಕಾಗದ ಅದರ ಬಗ್ಗೆಯೇ.

ನೀನಿದ್ದಾಗ ಎರಡು ಮೂರು ಸಲ ಹಾಲು ಸೀದು ಹೋದದ್ದು ನೆನಪಿದೆಯಾ? ಒಂದು ಸಲ ದರ್ಜಿಯಮ್ಮನೇ ಕೈಯಲ್ಲಿ ಕತ್ತರಿ ಹಿಡಿದುಕೊಂಡು ಓಡಿ ಬಂದಿದ್ದಳು, ಸೀದ ವಾಸನೆ ತನ್ನ ಮನೆ ತುಂಬಿದೆ ಎಂದು. ನಾನು ಒಲೆಯಿಂದ ಎರಡು ಮೊಳ ದೂರದಲ್ಲಿ ಪೇಪರ್ ಓದುತ್ತ ಕೂತಿದ್ದೆ. ಅಪ್ಪನಿಗೆ ಮರೆವು, ಅಮ್ಮ ಹೋದಾಗಿನಿಂದ ಮನಸ್ಸು ನೆಲೆಯಲ್ಲಿಲ್ಲ ಎಂದು ನೀನು ಅವಳಿಗೆ ಸಮಾಧಾನ ಹೇಳಿದೆ. ಮರೆವಲ್ಲ ಮಗಳೇ. ನನಗೆ ವಾಸನೆ ಗೊತ್ತಾಗುವುದಿಲ್ಲ. ಹಾಲು ಸೀದರೂ ಇಲ್ಲ, ಸಾಬೂನೂ ಇಲ್ಲ, ಮಳೆ ಬಿದ್ದ ಮಣ್ಣೂ ಇಲ್ಲ. ಆ ಚಳಿಗಾಲ ನಾನೂ ನಿನ್ನಮ್ಮನೂ ಒಟ್ಟಿಗೆ ಮಲಗಿದ್ದ ಜ್ವರ ಅವಳನ್ನು ಕರೆದುಕೊಂಡು ಹೋಯಿತು, ನನ್ನನ್ನು ಬಿಟ್ಟಿತು. ಬಿಡುವಾಗ ಮೂಗನ್ನು ಒತ್ತೆ ಇಟ್ಟುಕೊಂಡಿತು. ಮೊದಮೊದಲು ಇವತ್ತಲ್ಲ ನಾಳೆ ಬರುತ್ತದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಕಾಫಿ ಪುಡಿಯ ಡಬ್ಬಿಗೆ ಮುಖ ಹಾಕಿ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಅಮ್ಮ ಹೋಗಿ ಮೂರನೇ ವಾರ ನೀನು ಅವಳ ಬೀರು ತೆಗೆದು ಬೂದು ಬಣ್ಣದ ಶಾಲಿನಲ್ಲಿ ಮುಖ ಹುದುಗಿಸಿಕೊಂಡು ಕೂತುಬಿಟ್ಟಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಶಾಲನ್ನು ನನ್ನ ಕಡೆ ಚಾಚಿದೆ. "ಇನ್ನೂ ಇದೆ ಅಪ್ಪಾ, ಅಮ್ಮನ ವಾಸನೆ. ನೋಡು" ಎಂದೆ. ನಾನು ಮೂಗಿಗೆ ಒತ್ತಿ ಹಿಡಿದು ಎದೆ ತುಂಬ ಉಸಿರು ಎಳೆದುಕೊಂಡೆ. ಉಣ್ಣೆ ಚುಚ್ಚಿತು, ಅಷ್ಟೇ. ಹೌದು ಕಣೆ, ಇದೆ ಎಂದೆ. ನಲವತ್ತೊಂದು ವರ್ಷದ ಕೆಲಸದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ಪ್ರಮಾಣಪತ್ರ ಅದು. ಅವತ್ತೇ ನಿನಗೆ ನಿಜ ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನಿನ್ನ ಮುಖ ನೋಡಿ ಹೇಳಲು ಆಗಲಿಲ್ಲ.

ಹರಾಜು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಜಂಬ, ಮತ್ತೇನು? ನಲವತ್ತೊಂದು ವರ್ಷದಿಂದ ಆ ನೆಲಮಾಳಿಗೆಯಲ್ಲಿ ನನ್ನನ್ನು ಎಲ್ಲರೂ ಮೂಗಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಮರ್ಯಾದೆಯಿಂದ, ಬೆನ್ನ ಹಿಂದೆ ನಗೆಯಿಂದ. ಮೂಗಪ್ಪನಿಗೆ ಮೂಗಿಲ್ಲ ಎಂದು ನಾನೇ ಡಂಗುರ ಸಾರಲೇ? ನಮ್ಮ ಕೆಲಸ ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ, ಬರೆದರೆ ಮುಂದಿನದಕ್ಕೆ ಕೈ ಓಡುತ್ತದೆ. ಎಪ್ಪತ್ತು ಎಂಬತ್ತು ವರ್ಷದ ವೈನ್ ಬಾಟಲಿ ಅಸಲಿಯೇ ನಕಲಿಯೇ ಎಂದು ತೆರೆಯದೆ ಹೇಳಬೇಕು. ತೆರೆದರೆ ಅದಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಅಂಗಿ ನೋಡಿ ಮನುಷ್ಯನನ್ನು ಅಳೆಯುವ ಕೆಲಸ. ಬಿರಡೆಯ ಮೇಲಿನ ಟೊಪ್ಪಿ, ಗಾಜಿನ ತಳದ ಗುರುತು, ತಳದಲ್ಲಿ ಕೂತ ಗಸಿ, ಲೇಬಲ್ಲಿನ ಅಕ್ಷರ, ನೇರಳೆ ದೀಪದ ಕೆಳಗೆ ಅದರ ಕಾಗದ, ಹೊಸದಾದರೆ ಹೊಳೆಯುತ್ತದೆ. ಇಷ್ಟನ್ನು ಕಣ್ಣಿದ್ದವರು ಯಾರಾದರೂ ನೋಡುತ್ತಾರೆ. ಕೊನೆಯದು ಮಾತ್ರ ನನ್ನದು. ಲೇಬಲ್ಲಿನ ಒಂದು ಮೂಲೆಗೆ ಬಾಯಿ ಹತ್ತಿರ ತಂದು ಹಾ ಎಂದು ಬಿಸಿ ಉಸಿರು ಬಿಟ್ಟರೆ ಅದರ ಹಿಂದಿನ ಅಂಟು ಒಂದು ಗಳಿಗೆ ಎಚ್ಚರವಾಗುತ್ತದೆ. ಹಳೆಯ ದ್ರಾಕ್ಷಿ ತೋಟದವರು ಹಚ್ಚುತ್ತಿದ್ದದ್ದು ಹಿಟ್ಟಿನ ಅಂಟು, ಅದಕ್ಕೆ ಒದ್ದೆ ಗೋಡೆಯ ವಾಸನೆ. ನಿನಗೆ ಏಳು ವರ್ಷವಿದ್ದಾಗ ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಇದನ್ನು ಕಲಿಸಿದೆ. ಒಂದು ಮಾತನ್ನು ನೂರು ಸಲ ಹೇಳಿದ್ದೆ: ಕೆಟ್ಟ ವಾಸನೆ ಬಂದರೆ ಅನುಮಾನ ಪಡು, ಯಾವ ವಾಸನೆಯೂ ಬರದಿದ್ದರೆ ಇನ್ನೂ ಹೆಚ್ಚು ಅನುಮಾನ ಪಡು.

ಕೈಗವಸಿನವರು ಆ ಹನ್ನೆರಡು ಬಾಟಲಿ ಮಾರಲು ತಂದ ದಿನ ನಾನು ಆ ಮಾತನ್ನೇ ಮರೆತೆ. ಮರೆತೆ ಎನ್ನುವುದೂ ಸುಳ್ಳು, ನುಂಗಿಕೊಂಡೆ. ಆ ಮನುಷ್ಯ ಬಿಳಿ ಕೈಗವಸು ತೊಟ್ಟು ಒಂದೊಂದು ಬಾಟಲಿಯನ್ನೂ ಹಸುಗೂಸಿನ ಹಾಗೆ ಎತ್ತಿ ಮೇಜಿನ ಮೇಲಿಟ್ಟ. ಮುಚ್ಚಿಹೋದ ಒಂದು ತೋಟದ ಮನೆಯ ಗೋಡೆ ಒಡೆದಾಗ ಸಿಕ್ಕಿದ್ದು ಎಂಬ ಕಥೆ ಬೇರೆ. ಟೊಪ್ಪಿ ಸರಿ ಇತ್ತು, ಗಸಿ ಸರಿ ಇತ್ತು. ಕಾಗದ ನೇರಳೆ ದೀಪದಲ್ಲೂ ಗೆದ್ದಿತು. ಹಳೆಯ ಪುಸ್ತಕಗಳ ಖಾಲಿ ಹಾಳೆ ಕತ್ತರಿಸಿದರೆ ಗೆಲ್ಲದೆ ಏನು? ನಾನು ಮೂಲೆಗೆ ಉಸಿರು ಬಿಟ್ಟು ಮೂಸಿದೆ. ಏನೂ ಇಲ್ಲ. ತಕರಾರು ಇಲ್ಲ ಎಂದು ಅರ್ಥ ಮಾಡಿಕೊಂಡು ತಲೆಯಾಡಿಸಿದೆ. ಆಮೇಲೆ ರೂಢಿಯಂತೆ ನೀನು ಎರಡನೆಯವಳಾಗಿ ಮೂಸಿದೆ. ನಿನ್ನ ಹುಬ್ಬು ಗಂಟಾಯಿತು. ನೀನು ಇನ್ನೊಂದು ಬಾಟಲಿ ಎತ್ತಿಕೊಂಡೆ, ಮತ್ತೊಂದು ಎತ್ತಿಕೊಂಡೆ. ಯಜಮಾನರು, ಕೈಗವಸಿನವರು, ಗುಮಾಸ್ತರು, ಬಾಟಲಿಗಳನ್ನು ಕಟ್ಟುವ ಅಮ್ಮ, ಎಲ್ಲರೂ ನಿಂತಿದ್ದರು. ಎಲ್ಲರ ಮುಂದೆ ನೀನು ಹೇಳಿದೆ: "ಹುಳಿ ವಾಸನೆ ಬರ್ತಿದೆ ಅಪ್ಪಾ. ನನ್ನ ಸ್ಟೂಲಿನ ಕಾಲು ಅಂಟಿಸಿದ್ಯಲ್ಲ, ಅದೇ ಅಂಟು. ಬಡಗಿ ಅಂಟು."

ಆ ಕ್ಷಣ ನೀನು ಸರಿ ಎಂದು ನನ್ನ ಒಳಗೆ ಗೊತ್ತಾಯಿತು. ಅದನ್ನು ಬರೆಯಲೆಂದೇ ಆರು ಕಾಗದ ಹರಿದದ್ದು. ನಿನ್ನ ಮೂಗು ತಪ್ಪುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಒಪ್ಪಿದರೆ ಮುಂದಿನ ಪ್ರಶ್ನೆ ನನಗೆ ಬರುತ್ತಿತ್ತು, ನಿಮಗೆ ಯಾಕೆ ಗೊತ್ತಾಗಲಿಲ್ಲ ಎಂದು. ನಾನು ಯಜಮಾನರ ಕಡೆ ತಿರುಗಿ ನಕ್ಕೆ. "ಅವಳಿಗೆ ಈ ವಾರ ನೆಗಡಿ. ಅವಳ ಮೂಗು ನಂಬಬೇಡಿ" ಎಂದೆ. ಎಲ್ಲರೂ ನಕ್ಕರು. ನೀನು ನನ್ನನ್ನು ನೋಡಿದೆ. ನೆಗಡಿ ಹಿಂದಿನ ವಾರವೇ ವಾಸಿಯಾಗಿತ್ತು, ಕಷಾಯ ಕಾಸಿ ಕೊಟ್ಟವನು ನಾನೇ. ನೀನು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋದೆ. ನಾನು ಸಹಿ ಹಾಕಿದೆ.

ಆಮೇಲಿನದು ನಿನಗೇ ಗೊತ್ತು. ಗಿರಾಕಿಯ ಮುಂದೆ ಹರಾಜು ಮನೆಯ ಮಾನ ಕಳೆದಳೆಂದು ಯಜಮಾನರು ನಿನ್ನನ್ನು ಬಿಡಿಸಿದರು. ಉಳಿದ ಹರಾಜು ಮನೆಗಳಿಗೂ ಮಾತು ಹೋಯಿತು, ತಂದೆಯೇ ನಂಬದ ಮೂಗು ಎಂದು. ನೀನು ಒಂದು ಪೆಟ್ಟಿಗೆ ಹಿಡಿದು ಹೊರಟ ದಿನ ನಾನು ಒಳಗಿನ ಕೋಣೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದೆ, ಹಚ್ಚಿದ್ದನ್ನೇ ಹಚ್ಚುತ್ತ. ಬಾಗಿಲು ಹಾಕಿದ ಸದ್ದು ಕೇಳಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಿನ್ನಮ್ಮ ನನಗೆ ಆಗಾಗ ಹೇಳುತ್ತಿದ್ದಳು. ನನ್ನದು ಸಿಟ್ಟೂ ಅಲ್ಲ, ಹೆದರಿಕೆ. ಕೊಯ್ದದ್ದು ನಿನ್ನದು.

ಈಗ ಹೊಸ ಸುದ್ದಿ. ಆ ಹನ್ನೆರಡರಲ್ಲಿ ಎರಡು ಬಾಟಲಿ ಕೊಂಡವರು ಒಬ್ಬ ಹಲ್ಲಿನ ಡಾಕ್ಟರು. ನೀನು ಅವರನ್ನು ನೋಡಿಲ್ಲ. ಸಣ್ಣ ಧ್ವನಿಯ ಮನುಷ್ಯ, ಎಲ್ಲರ ಬಾಯಿ ನೋಡಿ ನೋಡಿ ತಾವು ಬಾಯಿ ತೆರೆಯುವುದನ್ನೇ ಬಿಟ್ಟವರಂತೆ. ಅವರು ವೈನ್ ಸಂಗ್ರಹಿಸುವವರೂ ಅಲ್ಲ. ಆ ಲೇಬಲ್ಲಿನ ವರ್ಷ ಅವರ ತೀರಿಹೋದ ಹೆಂಡತಿ ಹುಟ್ಟಿದ ವರ್ಷ, ಅದಕ್ಕಾಗಿ ಕೊಂಡರು. ಹೋದ ತಿಂಗಳು ತಮ್ಮ ಮದುವೆಯಾದ ತಾರೀಖಿನಂದು ಒಂದನ್ನು ತೆರೆದರಂತೆ, ಮೇಜಿಗೆ ಎರಡು ಲೋಟ ಇಟ್ಟು. ಆಮೇಲೆ ಖಾಲಿ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೇ ಬಂದರು, ಥ್ಯಾಂಕ್ಸ್ ಹೇಳಲು. ನಾನು ಲೇಬಲ್ ಕೂಡಿಡುತ್ತೇನೆಂದು ಯಾರೋ ಹೇಳಿದ್ದರಂತೆ. "ನೀವು ಸೈ ಅಂದಿದ್ರಿ ಅಂತ ಧೈರ್ಯವಾಗಿ ತೆಗೆದೆ. ಅವಳ ಲೋಟಕ್ಕೂ ಒಂದು ಗುಟುಕು ಹಾಕಿದ್ದೆ" ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಲೇಬಲ್ ಪುಸ್ತಕ ನಿನಗೆ ನೆನಪಿರಬೇಕು. ತೆರೆದ ಬಾಟಲಿ ಯಾವುದು ಸಿಕ್ಕಿದರೂ ನೀರಿನಲ್ಲಿ ನೆನೆಸಿ, ಲೇಬಲ್ ಬಿಡಿಸಿ, ಒಣಗಿಸಿ ಅಂಟಿಸುತ್ತಿದ್ದೆ. ಪಕ್ಕದಲ್ಲಿ ನೀನು ಪೆನ್ಸಿಲಿನಲ್ಲಿ ವಾಸನೆ ಬರೆಯುತ್ತಿದ್ದೆ. ಒಂದು ಕಡೆ "ಹಳೇ ಪುಸ್ತಕ" ಎಂದಿದೆ, ಒಂದು ಕಡೆ "ಅಜ್ಜಿ ಕೈಚೀಲ", ಒಂದು ಕಡೆ ಬರೀ "ಬೇಡ" ಎಂದಿದೆ. ಡಾಕ್ಟರ ಬಾಟಲಿಯನ್ನೂ ಅಭ್ಯಾಸಬಲದಿಂದ ನೀಲಿ ಬೋಗುಣಿಯ ತಣ್ಣೀರಿನಲ್ಲಿ ಮುಳುಗಿಸಿ ಕಿಟಕಿಯ ಹತ್ತಿರ ಇಟ್ಟೆ. ಹಿಟ್ಟಿನ ಅಂಟಾದರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಸಡಿಲವಾಗಿ, ಹಾಲಿನ ಕೆನೆಯಂತೆ ತಾನಾಗಿ ಮೇಲೆ ಬರುತ್ತದೆ. ಒಂದು ಗಂಟೆಯಾಯಿತು, ಬರಲಿಲ್ಲ. ಎರಡು ಗಂಟೆಗೆ ಕಾಗದದ ಅಂಚು ಬೆಳ್ಳಗಾಯಿತು. ಉಗುರಿನಿಂದ ಎಬ್ಬಿಸಿದರೆ ಒಳಗೆಲ್ಲ ಬಿಳೀ ಲೋಳೆ. ಬಡಗಿ ಅಂಟು ನೀರು ಕುಡಿದರೆ ಹಾಗೆ ಬೆಳ್ಳಗಾಗುತ್ತದೆ, ನಿನ್ನ ಸ್ಟೂಲನ್ನು ಒಮ್ಮೆ ಮಳೆಯಲ್ಲಿ ಬಿಟ್ಟಾಗ ನೋಡಿದ್ದೆವಲ್ಲ. ನಾನು ಬೋಗುಣಿಯ ಮುಂದೆ ಕೂತು ಅತ್ತೆ ಮಗಳೇ. ನಿನ್ನಮ್ಮ ಹೋದಾಗ ಜ್ವರದಲ್ಲಿ ಅಳಲು ಶಕ್ತಿ ಇರಲಿಲ್ಲ. ಅದೂ ಇದೂ ಸೇರಿ ಒಟ್ಟಿಗೆ ಬಂತು.

ಮರುದಿನ ಡಾಕ್ಟರ ದವಾಖಾನೆಗೆ ಹೋದೆ. ಹಲ್ಲು ತೋರಿಸಲು ಬಂದವರ ಸಾಲಿನಲ್ಲೇ ಕೂತಿದ್ದು, ನನ್ನ ಸರದಿ ಬಂದಾಗ ಆ ಎತ್ತರದ ಕುರ್ಚಿಯ ಮೇಲೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಹಗುರವಾಗುತ್ತಿತ್ತು. ಅವರು ಕೈಲಿದ್ದ ಕನ್ನಡಿಯನ್ನು ಟ್ರೇಯಲ್ಲಿಟ್ಟು, ತುಂಬ ಹೊತ್ತು ಕೈ ತೊಳೆದು ಬಂದರು. "ನೀವು ಹೇಳದೆ ಇದ್ದಿದ್ರೆ ಚೆನ್ನಾಗಿತ್ತು" ಎಂದರು. ಅಷ್ಟೇ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ. ನೀನಾದರೆ ಏನು ಹೇಳುತ್ತಿದ್ದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅಲ್ಲಿಂದ ಯಜಮಾನರ ಹತ್ತಿರ. ಅವರು ಬಾಗಿಲು ಹಾಕಿಸಿ, ಎಲ್ಲ ಕೇಳಿಸಿಕೊಂಡು, ನನ್ನ ವಯಸ್ಸಿನ ಬಗ್ಗೆ ಎರಡು ಒಳ್ಳೆಯ ಮಾತಾಡಿದರು. ಬಾಟಲಿ ತಾನಾಗಿ ಬಾಯಿ ಬಿಡುವುದಿಲ್ಲ, ನೀವೂ ಬಿಡಬೇಡಿ ಎಂದರು. ಮುಂದಿನ ತಿಂಗಳು ಹಾರ ಹಾಕಿ ಕಳಿಸಿಕೊಡುವುದಾಗಿಯೂ ಹೇಳಿದರು. ಆದರೆ ಗುರುವಾರ ಕೊಳ್ಳುವವರು ಬಂದು ಬಾಟಲಿ ನೋಡುವ ದಿನವಾಗಿತ್ತು. ಹೋಗಿ ನೋಡಿದರೆ ಕೈಗವಸಿನವರು ಇನ್ನೊಂದು ಪೆಟ್ಟಿಗೆ ತಂದು, ನೀನು ನಿಂತಿದ್ದ ಅದೇ ಮೇಜಿನ ಮೇಲೆ ಜೋಡಿಸುತ್ತಿದ್ದಾರೆ. ಪಕ್ಕದಲ್ಲಿ ನನ್ನ ಸಹಿಗೆ ಕಾಗದ ಸಿದ್ಧ. ಮೇಜು ಹಿಡಿದುಕೊಂಡು ನಿಂತೆ. ದೊಡ್ಡ ಭಾಷಣವೇನೂ ಮಾಡಲಿಲ್ಲ. "ನನಗೆ ಎರಡು ವರ್ಷದಿಂದ ವಾಸನೆ ಗೊತ್ತಾಗಲ್ಲ. ಹೋದ ವರ್ಷ ಇಲ್ಲಿ ನನ್ನ ಮಗಳು ಹೇಳಿದ್ದು ನಿಜ. ಅವಳಿಗೆ ನೆಗಡಿ ಇರಲಿಲ್ಲ. ನಾನು ಸುಳ್ಳು ಹೇಳಿದೆ" ಎಂದೆ. ಯಾರೋ ಕೆಮ್ಮಿದರು. ಯಜಮಾನರು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು ನೆಲಮಾಳಿಗೆಯ ಬೀಗದಕೈ ಇಸಿದುಕೊಂಡರು. ಆ ಮೇಜಿನ ಬಾಟಲಿಗಳನ್ನು ಹರಾಜಿನಿಂದ ತೆಗೆದರು ಎಂದು ಆಮೇಲೆ ಗುಮಾಸ್ತರು ಹೇಳಿದರು. ಎರಡು ವರ್ಷದಲ್ಲಿ ನಾನು ಸಹಿ ಹಾಕಿದ್ದನ್ನೆಲ್ಲ ಮತ್ತೆ ನೋಡುತ್ತಾರಂತೆ, ನನ್ನನ್ನು ಕರೆಸಿ ವಿಚಾರಿಸುತ್ತಾರಂತೆ. ಕರೆಸಲಿ. ಗೊತ್ತಿರುವುದನ್ನು ಹೇಳುತ್ತೇನೆ.

ನಿನಗೆ ಯಜಮಾನರು ತಪ್ಪಾಯಿತು ಎಂದು ಬರೆಯುತ್ತಾರೆ ಎಂಬ ಭರವಸೆ ನಾನು ಕೊಡಲಾರೆ, ಆ ಮನುಷ್ಯನ ಕೈಗೆ ಆ ಅಕ್ಷರಗಳ ಅಭ್ಯಾಸವಿಲ್ಲ. ನನ್ನ ಕೈಲಾದದ್ದು ಇದು: ಬೀಗದಕೈ ಕೊಡುವ ಹಿಂದಿನ ದಿನವೇ, ಆ ಹನ್ನೆರಡು ಬಾಟಲಿ ದಾಖಲಾದ ಪುಟದಲ್ಲಿ ನನ್ನ ಸಹಿ ಹೊಡೆದುಹಾಕಿ, ಕೆಳಗೆ ಎರಡನೇ ಪರೀಕ್ಷಕಿಯ ಅಭಿಪ್ರಾಯವೇ ಸರಿ, ಇವು ನಕಲಿ ಎಂದು ಬರೆದು ತಾರೀಖು ಹಾಕಿದೆ. ಗುಮಾಸ್ತರೂ ಕಟ್ಟುವ ಅಮ್ಮನೂ ಸಾಕ್ಷಿ ಹಾಕಿದ್ದಾರೆ. ಕಟ್ಟುವ ಅಮ್ಮ ಸಹಿ ಮಾಡುತ್ತ ನಿನ್ನನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡಳು, ನಿನ್ನ ಏಪ್ರನ್ ಅವಳೇ ಒಗೆದು ಇಟ್ಟಿದ್ದಾಳಂತೆ. ಆ ಪುಟದ ಪ್ರತಿ ಇದರೊಳಗಿದೆ. ಯಾವ ಹರಾಜು ಮನೆಗೆ ಬೇಕಾದರೂ ತೋರಿಸು. ತೋರಿಸದಿದ್ದರೂ ಹತ್ತಿರ ಇಟ್ಟುಕೋ. ಚೀಟಿ ಅಂಟಿಸುವ ಕೆಲಸ ಕೀಳಲ್ಲ, ಆದರೆ ಅದು ನಿನ್ನದಲ್ಲ.

ಕ್ಷಮಿಸು ಎಂದು ಬರೆಯಲೇ ಬೇಡವೇ ಎಂದು ಇಷ್ಟು ಹೊತ್ತು ಪೆನ್ನು ಕಚ್ಚಿಕೊಂಡು ಕೂತೆ. ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ, ನಿನಗೆ ಆ ಭಾರ ಯಾಕೆ? ನನಗೆ ನಾಚಿಕೆಯಾಗಿದೆ. ನಿನ್ನನ್ನು ನೋಡದೆ ಸಂಕಟವಾಗುತ್ತದೆ. ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಎರಡು ತಟ್ಟೆ ತೆಗೆದು ಒಂದನ್ನು ಮತ್ತೆ ಒಳಗಿಡುತ್ತೇನೆ. ಇಷ್ಟನ್ನು ತಿಳಿದುಕೋ, ಸಾಕು. ಕಿವಿಗೆ ಹತ್ತಿ ಮರೆಯಬೇಡ. ಚಿಕ್ಕಮ್ಮನಿಗೆ ಆಗಾಗ ಎರಡು ಸಾಲು ಬರೆ, ಅವಳು ನಿನ್ನ ಹೆಸರೆತ್ತಿದರೆ ಅರ್ಧ ಗಂಟೆ ಮಾತಾಡುತ್ತಾಳೆ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಾತನ್ನು ನಂಬುವ ಜನ ನಿನಗೆ ಸಿಗಲಿ.

ಇಂತಿ,
ನಿನ್ನ ಅಪ್ಪ
(ಮೂಗಪ್ಪ ಎಂದು ಇನ್ನು ಯಾರೂ ಕರೆಯುವುದಿಲ್ಲ)

ಮರೆತಿದ್ದೆ: ಅಂಚೆಯವನು ಕೆಳಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಜೊತೆಗಿರುವ ಪೊಟ್ಟಣದಲ್ಲಿ ಅಮ್ಮನ ಬೂದು ಶಾಲು ಇದೆ. ನೀನು ಹೋದ ದಿನವೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿಟ್ಟೆ, ಒಮ್ಮೆಯೂ ಬಿಚ್ಚಿಲ್ಲ. ಕಿಟಕಿ ಬಾಗಿಲು ಹಾಕಿಕೊಂಡು, ಕೈ ತೊಳೆದುಕೊಂಡು ಬಿಚ್ಚು. ಅವಳ ವಾಸನೆ ಇನ್ನೂ ಇದೆಯಾ ನೋಡಿ ನನಗೆ ಬರೆ. ಇದ್ದರೆ ಇದೆ ಎನ್ನು. ಇಲ್ಲದಿದ್ದರೆ ನನ್ನ ಸಮಾಧಾನಕ್ಕೆಂದು ಇದೆ ಎನ್ನಬೇಡ, ಇಲ್ಲ ಎಂದೇ ಬರೆ. ಈ ಸಲ ನೀನು ಹೇಳಿದ್ದನ್ನು ನಂಬುತ್ತೇನೆ.